ಒಂಬತ್ತನೇ ಹಾಡಿನ ನೀರಿನ ಮಟ್ಟ

“ಬರೀ ದನಿ ಸಾಕು,” ಎಂದೆ. “ಉಳಿದದ್ದೆಲ್ಲ ಮುಚ್ಚು.”

ಸಿನಿಶಾ ನನ್ನ ಮುಖ ನೋಡಲಿಲ್ಲ. ಸ್ಟುಡಿಯೋ ಮೇಜಿನ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಕೆಳಗೆಳೆದ. ಮೊದಲು ಡ್ರಮ್ಮು ಹೋಯಿತು. ಆಮೇಲೆ ಅವನ ಹೆಂಡತಿ ನೆವೆನಾ ನುಡಿಸಿದ ಬೇಸ್ ಗಿಟಾರ್ ಹೋಯಿತು. ತನ್ನದೇ ಗಿಟಾರನ್ನು ಕೊನೆಗೆ ಮುಚ್ಚಿದ. ಎದುರಿಗೆ ಎರಡಿಂಚು ಅಗಲದ ಟೇಪು ಸದ್ದಿಲ್ಲದೆ ಸುತ್ತುತ್ತಿತ್ತು.

“ಇದೆಲ್ಲ ಯಾಕೆ ವಿದಾ ಅಕ್ಕಾ? ಸಿ.ಡಿ. ಅಂಗಡೀಲಿ ಸಿಗತ್ತೆ. ಬೆಚ್ಚಗೆ ಮನೇಲಿ ಕೂತು ಕೇಳ್ಬಹುದಿತ್ತು.”

“ಕೇಳಿಯೇ ಬಂದಿದೀನಿ. ಹಿಂದಕ್ಕೆ ಸುತ್ತು. ಒಂಬತ್ತನೇದು, ಮೊದಲಿಂದ.”

ಇವರ ‘ಶ್ಲೆಪ್’ ತಂಡದ ಕೊನೆಯ ಆಲ್ಬಮ್ ಅದು. ಹೆಸರು ‘ಒಡ್ಡು’. ಹೊದಿಕೆಯ ಮೇಲೆ ಪ್ರವಾಹದ ವರ್ಷದ ಮರಳುಮೂಟೆಗಳ ಚಿತ್ರ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು: ‘ರಾಸ್ತ್ಕೊನ ದನಿಯನ್ನೆಲ್ಲ ೨೦೦೬ರ ಫೆಬ್ರವರಿಯಲ್ಲಿ, ಅವನು ಊರು ಬಿಡುವ ಮೊದಲು ಮುದ್ರಿಸಲಾಗಿದೆ.’ ಹಾಡುಗಾರ ರಾಸ್ತ್ಕೊ ಆ ಮಾರ್ಚ್ ಎರಡರಂದು ಗೆಳೆಯರೊಡನೆ ಜಗಳವಾಡಿ ಇಟಲಿಯ ತ್ರಿಯೆಸ್ತೆಗೆ ಹೋದ. ಅಲ್ಲಿಂದ ತಾಯಿಗೆ ಎರಡು ಕಾರ್ಡು ಬರೆದ. ಆಮೇಲೆ ಮೂರೂವರೆ ವರ್ಷ ಸುದ್ದಿಯೇ ಇಲ್ಲ.

ಆ ಸಣ್ಣಕ್ಷರದ ಸಾಲು ಸುಳ್ಳು ಎಂದು ನನಗೆ ಗೊತ್ತಾಗಿ ಎರಡು ದಿನವಾಗಿತ್ತು. ಹೇಳಿಕೊಟ್ಟಿದ್ದು ಒಂದು ಸಂಖ್ಯೆ.

ನಮ್ಮಲ್ಲಿ ಮಧ್ಯಾಹ್ನ ರೇಡಿಯೋದಲ್ಲಿ ನದಿಗಳ ನೀರಿನ ಮಟ್ಟವನ್ನು ಊರೂರಿಗೆ ಸೆಂಟಿಮೀಟರ್ ಲೆಕ್ಕದಲ್ಲಿ ಓದುತ್ತಾರೆ. ಬೆಜ್ದಾನ್ ಇಷ್ಟು, ನೋವಿ ಸಾದ್ ಇಷ್ಟು, ಜೆಮುನ್ ಇಷ್ಟು. ಹುಟ್ಟಿದಾಗಿನಿಂದ ದಿನವೂ ಕೇಳುವುದರಿಂದ ಅದು ಕಿವಿಗೆ ಬೀಳುತ್ತದೆಯೇ ಹೊರತು ತಲೆಗೆ ಹೋಗುವುದಿಲ್ಲ. ನನ್ನ ಪಾಡು ಬೇರೆ. ನನ್ನ ಅಪ್ಪ ನಮ್ಮೂರು ಪಾಂಚೆವೊದಲ್ಲಿ ನದಿಯ ಅಳತೆಗೋಲು ನೋಡಿ ದಫ್ತರದಲ್ಲಿ ಬರೆಯುವ ಕೆಲಸದವರು. ಆ ಪಟ್ಟಿ ಓದಿ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾರೂ ಚಮಚ ಎತ್ತುವಂತಿರಲಿಲ್ಲ. ಬಿಸಿ ಸಾರು ತಣ್ಣಗಾಗುತ್ತಿತ್ತು. ಅಪ್ಪನನ್ನು ಮನಸ್ಸಿನಲ್ಲೇ ಬೈದುಕೊಂಡು ಕೂತಿರುತ್ತಿದ್ದೆ.

ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ, ಮಂಡಿ ಸವೆಸಿಕೊಂಡು ನಿವೃತ್ತಳಾದೆ. ಆ ಮೂವತ್ತು ವರ್ಷದಲ್ಲಿ ಕಲಿತದ್ದಕ್ಕಿಂತ ಈ ಸಲ ಆ ತಣ್ಣನೆ ಸಾರೇ ಉಪಯೋಗಕ್ಕೆ ಬಂತು.

ಹಾಡು ಶುರುವಾಯಿತು. ಯಾವ ವಾದ್ಯವೂ ಇಲ್ಲದ ದನಿ ಕೇಳುವುದು ಕಷ್ಟ. ಉಸಿರು, ತುಟಿ ಬಿಚ್ಚುವ ಸದ್ದು, ಎಂಜಲು ನುಂಗುವುದು, ಎಲ್ಲವೂ ಕೇಳುತ್ತದೆ. ಪಕ್ಕದ ಕುರ್ಚಿಯಲ್ಲಿ ಮನುಷ್ಯ ಬಂದು ಕೂತ ಹಾಗಾಗಿ ನಾನು ಸುಮ್ಮನೆ ಒಮ್ಮೆ ಆ ಕಡೆ ನೋಡಿದೆ.

ಎರಡನೇ ಚರಣ ಮುಗಿದು ಅವನು ಉಸಿರು ತೆಗೆದುಕೊಳ್ಳುವ ಕಡೆ, ಅವನ ಉಸಿರಿನ ಹಿಂದೆಯೇ, ಗೋಡೆಯಾಚೆಯಿಂದ ಒಂದು ಹೆಂಗಸಿನ ದನಿ ಬಂತು. “ಜೆಮುನ್, ಏಳುನೂರ ಅರವತ್ತೆಂಟು, ಏರಿಕೆ ಐದು. ಪಾಂಚೆವೊ, ಏಳುನೂರ ಅರವತ್ತೆರಡು, ಏರಿಕೆ ನಾಲ್ಕು.”

“ನಿಲ್ಸು.”

ಟೇಪು ನಿಂತಿತು.

“ಏನಿದು?”

“ರೇಡಿಯೋ. ನಾನೇ ಆಮೇಲೆ ಸೇರ್ಸಿದ್ದು. ಪ್ರವಾಹದ ನೆನಪಿಗಿರಲಿ ಅಂತ. ಜನಕ್ಕೆ ತುಂಬಾ ಇಷ್ಟ ಆಯ್ತು ಗೊತ್ತಾ, ಪತ್ರಿಕೆಯವರೂ ಬರೆದ್ರು.”

“ಸೇರ್ಸಿದ್ರೆ ಬೇರೆ ಟ್ರ್ಯಾಕಲ್ಲಿ ಇರ್ಬೇಕಿತ್ತಪ್ಪಾ. ನೀನೇ ಈಗ ನನ್ನೆದುರಿಗೆ ಎಲ್ಲಾ ಮುಚ್ಚಿದೀಯ. ಅವನ ಬಾಯಿ ಮುಂದಿನ ಮೈಕಿನೊಳಗೆ ಇದು ಹೇಗೆ ಬಂತು?”

ಸಿನಿಶಾ ಗಡ್ಡ ಕೆರೆದುಕೊಂಡ. ನಲವತ್ತೆರಡು ವರ್ಷದ ಗಂಡಸು, ಹೆಗಲು ಅಗಲ, ಆದರೆ ಸುಳ್ಳು ಹೇಳುವಾಗ ಶಾಲೆ ಹುಡುಗನಿಗಿಂತ ಕಡೆ. ಹಳೆಯ ಬಿಯರ್ ಕಾರ್ಖಾನೆಯ ಈ ನೆಲಮಾಳಿಗೆ ಎಷ್ಟು ತಣ್ಣಗಿತ್ತೆಂದರೆ ನಾನು ಕೋಟು ಬಿಚ್ಚಿರಲಿಲ್ಲ. ಅವನ ಹಣೆ ಮಾತ್ರ ಒದ್ದೆಯಾಗಿತ್ತು.

“ಫೆಬ್ರವರೀಲಿ ನೀರು ಮುನ್ನೂರು ದಾಟಿರಲಿಲ್ಲ,” ಎಂದೆ. “ದಫ್ತರ ನೋಡ್ದೆ. ಏಳುನೂರ ಅರವತ್ತೆರಡು, ಏರಿಕೆ ನಾಲ್ಕು. ನೂರು ವರ್ಷದ ಲೆಕ್ಕದಲ್ಲಿ ಅದೊಂದೇ ದಿನ. ಏಪ್ರಿಲ್ ಹದಿನಾಲ್ಕು. ತ್ರಿಯೆಸ್ತೆಗೆ ಹೋಗಿ ಆರು ವಾರ ಆಗಿದ್ದ ಮನುಷ್ಯ ಈ ಗೋಡೆ ಹಿಂದೆ ನಿಂತು ಹಾಡ್ತಿದಾನೆ. ಮುಂದಕ್ಕೆ ಬಿಡು.”

ಅವನು ಬಿಟ್ಟ. ಮೂರನೇ ಚರಣ, ಕೊನೆಯ ಸಾಲು. ಸಿ.ಡಿ.ಯಲ್ಲಿ ಹಾಡು ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಟೇಪು ಇನ್ನೂ ಓಡುತ್ತಿತ್ತು. ಸಿನಿಶಾನ ಕೈ ನಿಲ್ಲಿಸುವ ಗುಂಡಿಯತ್ತ ಹೋಯಿತು.

ಅವನ ಮಣಿಕಟ್ಟು ಹಿಡಿದೆ. ಹಳೆಯ ಅಭ್ಯಾಸ. ಹಿಡಿತ ಇನ್ನೂ ಹೋಗಿಲ್ಲ.

“ಅಕ್ಕಾ, ಮುಗೀತಲ್ಲ.”

“ಮುಗೀಲಿ ಬಿಡು.”

ಕುರ್ಚಿಯೊಂದು ಕಿರ್ ಎಂದಿತು. ಆಮೇಲೆ ಸ್ಪಷ್ಟವಾಗಿ, ದಣಿದ, ತೃಪ್ತಿಯ ದನಿಯಲ್ಲಿ ರಾಸ್ತ್ಕೊ ಮಾತಾಡಿದ.

“ಸಾಕು. ಇದಕ್ಕಿಂತ ಚೆನ್ನಾಗಿ ನನ್ನ ಕೈಲಾಗಲ್ಲ. ಇದರದ್ದೊಂದು ಕ್ಯಾಸೆಟ್ ಮಾಡಿಡು, ಸಂಜೆ ಅಮ್ಮಂಗೆ ಕೇಳಿಸ್ಬೇಕು. ನಾನು ಬಂದಿರೋದು ಅವಳಿಗೆ ಗೊತ್ತಿಲ್ಲ. ಗಾಬರಿ ಆಗ್ತಾಳೆ ನೋಡು.”

ಅವನು ನಕ್ಕ. ಬಾಗಿಲಿನ ಸದ್ದಾಯಿತು. ಟೇಪು ಬರಿದಾಗಿ ಸುತ್ತತೊಡಗಿತು.

ಯಾಕೆ ಮುಚ್ಚಿಡಲಿ, ನನ್ನ ಕಣ್ಣಲ್ಲಿ ನೀರು ಬಂತು. ರಾಸ್ತ್ಕೊನ ತಾಯಿ ಸ್ಮಿಲ್ಯಾಳ ಮನೆ ಈ ಕಾರ್ಖಾನೆಯ ಗೇಟಿನಿಂದ ಆರು ನಿಮಿಷದ ದಾರಿ. ಮಗ ಆ ಸಂಜೆ ಅಲ್ಲಿಗೆ ಹೋಗುವವನಿದ್ದ. ಹೋಗಲಿಲ್ಲ. ಆರು ನಿಮಿಷದ ದಾರಿಯನ್ನು ಅವನು ಯಾಕೆ ನಡೆಯಲಿಲ್ಲ ಎನ್ನುವುದಕ್ಕೆ ನನಗೆ ತಿಳಿದ ಕಾರಣ ಒಂದೇ.

ಬಾಗಿಲಲ್ಲಿ ಲೋಟಗಳು ಗಲಗಲ ಎಂದವು. ನೆವೆನಾ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ. ತಟ್ಟೆಯ ತುಂಬ ಕಾಫಿ ಚೆಲ್ಲಿತ್ತು. ರಾಸ್ತ್ಕೊ ಊರು ಬಿಡುವ ಮೊದಲು ಇವಳು ಅವನ ಜೊತೆಗಿದ್ದವಳು ಎನ್ನುವುದು ಊರಿಗೆಲ್ಲ ಗೊತ್ತು. ಆ ದನಿ ಕೇಳಿ ಯಾರ ಕೈಯಾದರೂ ನಡುಗುತ್ತಿತ್ತು. ನನಗೆ ಪಾಪ ಅನ್ನಿಸಿತು.

“ಇಟ್ಟು ಹೋಗು ನೆವೆನಾ,” ಎಂದ ಸಿನಿಶಾ. ಅವಳು ಇಟ್ಟು ಹೋದಳು.

“ಈಗ ಹೇಳು,” ಎಂದೆ. “ಯಾರ ಹತ್ರ ಮಾತಾಡ್ತಿದಾನೆ ಅವನು? ಕ್ಯಾಸೆಟ್ ಮಾಡಿಡು ಅಂತ ಯಾರಿಗೆ ಹೇಳ್ದ? ಈ ಯಂತ್ರ ತಾನಾಗೇ ಓಡಲ್ವಲ್ಲ. ಗುಂಡಿ ಒತ್ತೋಕೆ ಇಲ್ಲೊಬ್ರು ಕೂತಿರ್ಬೇಕು.”

ಅವನು ಬಾಗಿಲ ಕಡೆ ನೋಡಿದ. ಗೋಡೆ ನೋಡಿದ. ಗೋಡೆಯಲ್ಲಿ ಚೌಕಟ್ಟು ಹಾಕಿದ ಒಂದು ಪತ್ರಿಕೆಯ ಫೋಟೋ ಇತ್ತು. ತಮಿಷ್ ನದಿಯ ಒಡ್ಡಿನ ಮೇಲೆ, ಮರಳುಮೂಟೆಗಳ ನಡುವೆ, ಕೆಸರು ಮೆತ್ತಿದ ಸಿನಿಶಾ ಬೋಗುಣಿಯಿಂದ ಹುರುಳಿಕಾಯಿ ಬೀಜದ ಸಾರು ಕುಡಿಯುತ್ತಿದ್ದ. ಅಡಿಬರಹ: ‘ಗಿಟಾರು ಬಿಟ್ಟು ಗುದ್ದಲಿ ಹಿಡಿದವರು. ಏಪ್ರಿಲ್ ೧೪.’ ಪ್ರವಾಹದ ಆ ದಿನಗಳಲ್ಲಿ ಇವನು ಒಡ್ಡಿನ ಮೇಲೆ ಎತ್ತಿನಂತೆ ದುಡಿದ. ಇಂದಿಗೂ ಊರವರು ಇವನಿಗೆ ತಾವೇ ಮೊದಲು ನಮಸ್ಕಾರ ಹೇಳುತ್ತಾರೆ.

“ನಾನೇ,” ಎಂದ ಕೊನೆಗೆ. “ನಾನೇ ಒತ್ತಿದ್ದು. ಒಡ್ಡಿಂದ ನಡುವೆ ಬಂದಿದ್ದೆ. ಅವನು ಹಾಡ್ದ, ಹೋದ. ಒಂದೂವರೆ ಆಗಿತ್ತು. ನಾನು ಮತ್ತೆ ಒಡ್ಡಿಗೆ ಹೋದೆ. ಅಷ್ಟೇ.”

“ಅಷ್ಟೇನಾ? ಮತ್ತೆ ಫೆಬ್ರವರಿ ಅಂತ ಅಚ್ಚು ಹಾಕ್ಸಿದ್ಯಾಕೆ? ಆ ಮುದುಕಿ ನಿನ್ನ ಮನೆ ಬಾಗಿಲಿಗೆ ಎಷ್ಟು ಸಲ ಬಂದಳು, ನನ್ನ ಮಗನ ಸುದ್ದಿ ಏನಾದ್ರೂ ಗೊತ್ತೇನಪ್ಪಾ ಅಂತ? ಕಾಫಿ ಕೊಟ್ಟು ಕಳಿಸ್ದೆ. ಈ ದನಿ ನಿನ್ನ ಹತ್ರ ಇತ್ತು.”

“ಅಕ್ಕಾ, ಬೈರಿ. ಹೊಡೀರಿ ಬೇಕಾದ್ರೆ. ಆದ್ರೆ ಇವತ್ತು ಕೇಳ್ಬೇಡಿ.” ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. “ನಾಡಿದ್ದು ಸತ್ತವರ ಶನಿವಾರ. ಅದೊಂದು ಮುಗೀಲಿ. ಸೋಮವಾರ ಬನ್ನಿ, ಎಲ್ಲಾ ಹೇಳ್ತೀನಿ. ಟೇಪು ಎಲ್ಲಿಗೂ ಹೋಗಲ್ಲ. ನನ್ನ ತಾಯಾಣೆ.”

ಪೊಲೀಸ್ ಕೆಲಸದಲ್ಲಿದ್ದಿದ್ದರೆ ಬಿಡುತ್ತಿರಲಿಲ್ಲ. ಈಗ ನಾನು ಯಾರು? ಒಬ್ಬ ಮುದುಕಿಯ ಮಾತಿಗೆ ಹೂಂಗುಟ್ಟಿ ಬೀದಿ ಸುತ್ತುವ ಇನ್ನೊಬ್ಬ ಮುದುಕಿ. ಆದರೂ ಮನುಷ್ಯ ಸಿಕ್ಕಿಬಿದ್ದ ಎಂಬ ಸಮಾಧಾನವಿತ್ತು. ದಿನ ಸಿಕ್ಕಿತು, ಗುಂಡಿ ಒತ್ತಿದ ಕೈಯೂ ಸಿಕ್ಕಿತು. ಸೋಮವಾರದವರೆಗೆ ಕಾಯಬಹುದು ಎಂದುಕೊಂಡೆ. ನಾನು ಎಷ್ಟು ದಡ್ಡಿ ಎಂದು ತಿಳಿಯಲು ಎರಡೇ ದಿನ ಸಾಕಾಯಿತು.

ಹೊರಗೆ ಬರುವಾಗ ಗೇಟಿನ ಪಕ್ಕದ ಕಾವಲುಗೂಡಿನಲ್ಲಿ ನೆವೆನಾ ಕೂತಿದ್ದಳು. ಅದು ಅವಳ ಅಪ್ಪ ತ್ರಿವುನ್ ಇಪ್ಪತ್ತು ವರ್ಷ ಕಾವಲು ಕೂತ ಜಾಗ. ಅರ್ಧ ನೆಲದೊಳಗಿರುವ ಹಾಡುವ ಕೋಣೆಗೂ ಈ ಗೂಡಿಗೂ ನಡುವೆ ಒಂದೇ ಗೋಡೆ. ತ್ರಿವುನನಿಗೆ ಕಿವಿ ಮಂದ, ರೇಡಿಯೋ ಯಾವಾಗಲೂ ಜೋರು. ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡ. ರೇಡಿಯೋ ಇನ್ನೂ ಕಪಾಟಿನ ಮೇಲಿತ್ತು, ಧೂಳು ಹಿಡಿದು.

“ಕೂತ್ಕೊಳ್ಳಿ ಅಕ್ಕಾ. ಕಾಫಿ ಚೆಲ್ಲಿಬಿಟ್ಟೆ, ನಾಚಿಕೆ ಆಯ್ತು.”

ಅವಳ ಮುಂದೆ ಒಂದು ತುಂಡು ಕಾಗದ, ಕೈಯಲ್ಲಿ ಪೆನ್ನು.

“ಏನ್ ಬರೀತಿದೀಯ?”

“ಶನಿವಾರದ ಚೀಟಿ. ಸತ್ತವರ ಹೆಸರು ಓದ್ಲಿ ಅಂತ ಪಾದ್ರಿಗಳಿಗೆ ಕೊಡೋಕೆ.” ಅವಳು ಸಣ್ಣಗೆ ನಕ್ಕಳು. “ಕೆಲವರ ಮನೇದು ಎರಡೆರಡು ಹಾಳೆ ಇರತ್ತೆ. ನಮ್ಮದು ಮೂರೇ ಹೆಸರು. ಅಜ್ಜಿ ವುಕೊಸಾವಾ, ಅಪ್ಪ ತ್ರಿವುನ್, ಅಮ್ಮ ಮಿಲೆವಾ. ಸಾಯೋಕೂ ನಮ್ಮನೇಲಿ ಜನ ಇಲ್ಲ ನೋಡಿ.”

“ಹಾಗನ್ಬೇಡ್ವೇ ಮಾರಾಯ್ತಿ.”

“ಅಕ್ಕಾ,” ಎಂದಳು ತಗ್ಗಿದ ದನಿಯಲ್ಲಿ, “ಅವನು ಬದುಕಿದಾನೆ. ನಾನು ಯಾರಿಗೂ ಹೇಳಿರ್ಲಿಲ್ಲ. ಹೋದ ಹೊಸವರ್ಷಕ್ಕೆ ಫೋನ್ ಮಾಡಿದ್ದ. ಅದೇ ತ್ರಿಯೆಸ್ತೆಯಿಂದ. ಕೆಮ್ಮು ಜಾಸ್ತಿ ಆಗಿತ್ತು. ಅಮ್ಮಂಗೆ ಹೇಳ್ಬೇಡ, ನಾನೇ ಒಂದಿನ ಬರ್ತೀನಿ ಅಂದ. ಸ್ಮಿಲ್ಯಾ ಚಿಕ್ಕಮ್ಮಂಗೆ ನೀವು ಏನೇನೋ ಹೇಳಿ ಅವರ ಎದೆ ಒಡೀಬೇಡಿ.”

“ನಿಜವಾಗ್ಲೂ ಅವನದೇ ದನಿನಾ?”

“ಅವನ ದನಿ ನನಗೆ ಗೊತ್ತಾಗಲ್ವಾ?”

ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ನನಗೆ ಕಸಿವಿಸಿಯಾಯಿತು. ಏಪ್ರಿಲ್ ಹದಿನಾಲ್ಕರ ಸಂಜೆ ಅವನು ತಾಯಿಯನ್ನು ಕಾಣದೆ ಮತ್ತೆ ಇಟಲಿಗೆ ಓಡಿರಬಹುದೇ? ಗಂಡಸರು ಅದಕ್ಕಿಂತ ಹೇಡಿ ಕೆಲಸ ಮಾಡುವುದನ್ನೂ ನೋಡಿದ್ದೇನೆ. ನಾನು ಗೇಟು ದಾಟುವಾಗ ಅವಳು ಮತ್ತೆ ಚೀಟಿಯ ಮೇಲೆ ಬಾಗಿದ್ದಳು.

ಸತ್ತವರ ಶನಿವಾರ ಬೆಳಗ್ಗೆ ಎಂಟಕ್ಕೆಲ್ಲ ಸ್ಮಶಾನ ತುಂಬಿತ್ತು. ಮಂಜು ನೆಲಕ್ಕೆ ಅಂಟಿಕೊಂಡಿತ್ತು. ಗೋರಿಗೊಂದು ಸಂಸಾರ, ಗೋರಿಗೊಂದು ಚೀಲ: ಬೇಯಿಸಿದ ಗೋಧಿ, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಟಲಿಯಲ್ಲಿ ಕೆಂಪು ವೈನು. ಗೋರಿಯ ಮೇಲೆ ಒಂದಿಷ್ಟು ವೈನು ಸುರಿದು, ಉಳಿದದ್ದನ್ನು ಚಳಿಗೆ ತಾವು ಕುಡಿದು, ದಾರಿಯಲ್ಲಿ ಹೋಗುವವರ ಕೈಗೆ ಒಂದು ಮುಷ್ಟಿ ಗೋಧಿ ಹಾಕುತ್ತಿದ್ದರು. ನಾನು ಅಪ್ಪ ಅಮ್ಮನ ಗೋರಿ ಒರೆಸಿ, ಪ್ರಾರ್ಥನಾಮಂದಿರದ ಕಡೆ ನಡೆದೆ.

ಸ್ಮಿಲ್ಯಾ ಮೇಣದಬತ್ತಿಯ ಗೂಡಿನ ಮುಂದೆ ನಿಂತಿದ್ದಳು. ಎಪ್ಪತ್ತನಾಲ್ಕು ವರ್ಷ. ಈ ಶರತ್ಕಾಲದಲ್ಲಿ ವೈದ್ಯರು ಅವಳಿಗೆ ಕೊಟ್ಟಿರುವುದು ವಸಂತದವರೆಗಿನ ಕಾಲ.

ಗೂಡಿನಲ್ಲಿ ಎರಡು ಅಂತಸ್ತು. ಮೇಲಿನ ಮರಳುತಟ್ಟೆ ಬದುಕಿದ್ದವರಿಗೆ, ಕೆಳಗಿನದು ಸತ್ತವರಿಗೆ. ಅವಳು ಗಂಡನಿಗೆ ಕೆಳಗೆ ಒಂದು ಹಚ್ಚಿ ಆಗಿತ್ತು. ಇನ್ನೊಂದು ಬತ್ತಿ ಕೈಯಲ್ಲೇ ಇತ್ತು, ಹಚ್ಚಿರಲಿಲ್ಲ.

ಮೊದಲ ದಿನ ನನ್ನ ಅಡುಗೆಮನೆಗೆ ಬಂದು ಅವಳು ಹೇಳಿದ್ದು ಇದನ್ನೇ. “ವಿದಾ, ಕೊಂದವರನ್ನ ಹಿಡಿ ಅಂತ ನಾನು ಕೇಳಲ್ಲ. ಓಡಿಹೋದವನನ್ನ ಎಳ್ಕೊಂಡು ಬಾ ಅಂತಾನೂ ಕೇಳಲ್ಲ. ಮೂರೂವರೆ ವರ್ಷದಿಂದ ಅವನ ಬತ್ತಿ ಮೇಲೆ ಇಡ್ತಿದೀನಿ. ಅವನು ಕೆಳಗಿನವನಾಗಿದ್ರೆ ಅಲ್ಲಿ ಕತ್ತಲಲ್ಲಿ ಕೂತಿರ್ತಾನಲ್ಲೇ. ಸಾಯೋದ್ರೊಳಗೆ ನನಗೆ ಅದೊಂದು ಹೇಳಿಬಿಡು. ಮೇಲೋ, ಕೆಳಗೋ?”

ನಾನು ಪತ್ತೇದಾರಿಕೆ ಬಿಟ್ಟು ಐದು ವರ್ಷವಾಗಿತ್ತು. ಆ ಮಾತಿಗೆ ಒಪ್ಪಿಕೊಂಡೆ.

“ಏನಾದ್ರೂ ಗೊತ್ತಾಯ್ತೇನೆ?” ಎಂದಳು ಈಗ.

“ಸೋಮವಾರ ಹೇಳ್ತೀನಿ ಚಿಕ್ಕಮ್ಮ.”

“ಸೋಮವಾರ ಅಂದ್ರೆ ಸೋಮವಾರ. ಕಾದಿದೀನಿ, ಇನ್ನೆರಡು ದಿನ ಏನ್ ಮಹಾ.” ಅವಳು ಸುತ್ತ ನೋಡಿದಳು. “ಸಿನಿಶಾ ಬಂದಿಲ್ವಾ? ಪ್ರತೀ ವರ್ಷ ಬರ್ತಿದ್ದ.”

“ಸ್ಟುಡಿಯೋದಲ್ಲಿ ಏನೋ ಕೆಲಸ ಇದೆಯಂತೆ,” ಎಂದಿತು ಪಕ್ಕದ ದನಿ. ನೆವೆನಾ. ಕಪ್ಪು ಶಾಲು ಹೊದ್ದು, ಕೈಯಲ್ಲಿ ಹಚ್ಚಿದ ಬತ್ತಿ ಹಿಡಿದು ಬಂದಿದ್ದಳು. ಮುದುಕಿ ಜಾರದಂತೆ ಸ್ಮಿಲ್ಯಾಳ ಮೊಣಕೈ ಹಿಡಿದುಕೊಂಡಳು. ಹೊಟ್ಟೆಯ ಮಗಳು ಕೂಡ ಅಷ್ಟು ಮೆತ್ತಗೆ ಹಿಡಿಯುತ್ತಿರಲಿಲ್ಲವೇನೋ.

“ಒಳ್ಳೇ ಹುಡುಗ ಸಿನಿಶಾ,” ಎಂದಳು ಸ್ಮಿಲ್ಯಾ ನನಗೆ. “ಪ್ರವಾಹದಲ್ಲಿ ನೋಡ್ಬೇಕಿತ್ತು. ನಾವು ಹೆಂಗಸರೆಲ್ಲ ಒಡ್ಡಿನ ಮೇಲೆ ಸಾರು ಬಡಿಸ್ತಿದ್ವಲ್ಲ. ಆ ಶುಕ್ರವಾರ ಪತ್ರಿಕೆಯವನು ಫೋಟೋ ತೆಗೆದನಲ್ಲ, ಆ ಬೋಗುಣಿಗೆ ಸಾರು ಹಾಕಿದ್ದು ನಾನೇ. ಮೂಟೆ ಹೊತ್ತು ಹೊತ್ತು ಕೈ ನಡುಗ್ತಿತ್ತು, ಪಾಪ. ಪಕ್ಕದಲ್ಲೇ ಕೂರಿಸ್ಕೊಂಡು ಇನ್ನೊಂದ್ಸಲ ಹಾಕ್ದೆ.”

“ಎಷ್ಟೊತ್ತಿಗೆ ಅದು?” ನನ್ನ ಬಾಯಿಂದ ತಾನಾಗಿ ಬಂತು.

“ಇನ್ನೆಷ್ಟೊತ್ತು? ನೀರಿನ ಮಟ್ಟ ಓದೋ ಹೊತ್ತಿಗೆ. ಲಾರಿಯವನು ರೇಡಿಯೋ ಹಾಕಿದ್ದ, ಒಡ್ಡಿನ ಮೇಲೆ ಆಗ ಎಲ್ಲಾ ಕೆಲಸ ಬಿಟ್ಟು ಕೇಳ್ತಿದ್ರು. ಪಾಂಚೆವೊ ಏಳುನೂರ ಅರವತ್ತೆರಡು ಅಂದಾಗ ಇವನು ತಲೆ ಮೇಲೆ ಕೈ ಹೊತ್ಕೊಂಡ. ಇನ್ನೂ ಏರ್ತಿದೆ ಚಿಕ್ಕಮ್ಮ ಅಂದ. ನಾಲ್ಕು ಗಂಟೆವರೆಗೂ ನನ್ನ ಕಣ್ಣೆದುರಿಗೇ ಇದ್ದ.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ರೇಡಿಯೋದಲ್ಲಿ ಆ ಸಂಖ್ಯೆ ಓದುವಾಗ ಟೇಪಿನ ಮೇಲೆ ರಾಸ್ತ್ಕೊ ಉಸಿರು ತೆಗೆದುಕೊಳ್ಳುತ್ತಿದ್ದ. ಅದೇ ಕ್ಷಣದಲ್ಲಿ ಸಿನಿಶಾ ಎರಡು ಕಿಲೋಮೀಟರ್ ಆಚೆ ಒಡ್ಡಿನ ಮೇಲೆ, ಈ ತಾಯಿಯ ಕೈಯಿಂದ ಸಾರು ಹಾಕಿಸಿಕೊಳ್ಳುತ್ತಿದ್ದ. ಮಗ ಆರು ನಿಮಿಷದ ದೂರದಲ್ಲಿ ಬಂದು ಹಾಡುತ್ತಿದ್ದಾಗ ಇವಳು ಬೇರೊಬ್ಬರ ಮಗನಿಗೆ ಉಣಿಸುತ್ತಿದ್ದಳು. ಸಿನಿಶಾ ಗುಂಡಿ ಒತ್ತಿರಲಿಲ್ಲ. ಒತ್ತಿದೆ ಎಂದು ನನ್ನೆದುರು ಸುಳ್ಳು ಹೇಳಿ, ಬೇರೆ ಯಾರದೋ ಕೈಯನ್ನು ತನ್ನ ಕೈಯಿಂದ ಮುಚ್ಚಿದ್ದ.

ನಾನು ನೆವೆನಾಳತ್ತ ತಿರುಗಲಿಲ್ಲ. ತಿರುಗಬಾರದು ಎನ್ನುವಷ್ಟು ಬುದ್ಧಿ ಇತ್ತು.

ಅಷ್ಟರಲ್ಲಿ ಮಂದಿರದ ಬಾಗಿಲ ಮೇಲಿನ ಸ್ಪೀಕರ್ ಗರಗರ ಎಂದಿತು. ಜನ ಟೋಪಿ ತೆಗೆದರು.

“ಇದೇನಿದು ಹೊಸದು?” ಎಂದಳು ಪಕ್ಕದ ಮುದುಕಿಯೊಬ್ಬಳು.

“ಹಳೇ ಪಾದ್ರಿಗೆ ಲಕ್ವ ಹೊಡೀತಲ್ಲ,” ಎಂದಳು ಸ್ಮಿಲ್ಯಾ. “ಹೊಸಬರು ಬಂದಿದಾರೆ. ಮೈಕಲ್ಲಿ ಓದ್ತಾರಂತೆ, ಒಂದೊಂದೇ ಹೆಸರು, ಬಿಡಿಸಿ ಬಿಡಿಸಿ. ಒಳ್ಳೇದಾಯ್ತು. ಆ ಪುಣ್ಯಾತ್ಮ ಗಡ್ಡದೊಳಗೇ ಗೊಣಗ್ತಿದ್ದ. ನನ್ನ ಗಂಡನ ಹೆಸರು ಅವನು ಓದ್ತಿದ್ನೋ ಬಿಡ್ತಿದ್ನೋ, ಒಂದು ವರ್ಷಾನೂ ಕೇಳಿಸ್ಲಿಲ್ಲ.”

ನೆವೆನಾಳ ಕೈಯಲ್ಲಿದ್ದ ಬತ್ತಿಯ ಮೇಣ ಅವಳ ಬೆರಳ ಮೇಲೆ ಸುರಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಸ್ಪೀಕರನ್ನೇ ನೋಡುತ್ತಿದ್ದಳು.

ಹೊಸ ಪಾದ್ರಿಯ ದನಿ ತಗ್ಗಾಗಿತ್ತು, ಆದರೆ ಶುದ್ಧ. ಒಂದು ಚೀಟಿ ಮುಗಿದರೆ ಒಂದು ಉಸಿರಿನಷ್ಟು ಬಿಟ್ಟು ಇನ್ನೊಂದು. ಹೆಸರುಗಳು ಮಾತ್ರ, ಮನೆತನವಿಲ್ಲ. ಜನ ತಮ್ಮವರ ಹೆಸರು ಬಂದಾಗ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು, ಉಳಿದ ಹೊತ್ತು ಪಿಸುಮಾತಿನಲ್ಲಿ ಆಲೂಗಡ್ಡೆ, ಸೊಸೆಯಂದಿರ ವಿಷಯ. ಹೆಸರಿನ ಪಟ್ಟಿ ಯಾರು ಕೇಳುತ್ತಾರೆ. ನಾನು ಕೇಳುತ್ತಿದ್ದೆ. ನನ್ನ ಅಪ್ಪ ನನಗೆ ಮಾಡಿಹೋದ ಅಭ್ಯಾಸ.

“ಪ್ರಭುವೇ, ನೆನೆದುಕೋ. ಸ್ಪಾಸೊಯೆ, ದಾರಿಂಕಾ, ನಿಕೊಲಾ.”

ಒಂದು ಉಸಿರು.

“ಪ್ರಭುವೇ, ನೆನೆದುಕೋ. ವುಕೊಸಾವಾ. ತ್ರಿವುನ್. ಮಿಲೆವಾ.”

ಮೂರು ಹೆಸರು. ಚೀಟಿ ಅಲ್ಲಿಗೆ ಮುಗಿಯಬೇಕಿತ್ತು.

“ರಾಸ್ತ್ಕೊ.”

ಪಿಸುಮಾತು ನಡೆದೇ ಇತ್ತು. ಯಾರೂ ತಲೆ ಎತ್ತಲಿಲ್ಲ.

ಈಗ ನಾನು ತಿರುಗಿದೆ. ನೆವೆನಾ ಸ್ಮಿಲ್ಯಾಳ ಮೊಣಕೈ ಬಿಟ್ಟಿರಲಿಲ್ಲ. ಹೋದ ಹೊಸವರ್ಷಕ್ಕೆ ಅವನ ಜೊತೆ ಫೋನಿನಲ್ಲಿ ಮಾತಾಡಿದವಳು ಅವನನ್ನು ತನ್ನ ಮನೆಯ ಸತ್ತವರ ಜೊತೆ ಬರೆದಿದ್ದಳು. ಗೊಣಗುವ ಪಾದ್ರಿ ಇದ್ದಾಗಲೂ ಬರೆದಿರಬೇಕು, ಪ್ರತಿ ವರ್ಷ, ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ. ಸತ್ತವನ ಹೆಸರು ಬರೆಯದೆ ಬಿಡಲು ಅವಳಿಂದ ಆಗಲಿಲ್ಲ. ನಮ್ಮ ಕಡೆಯ ಹೆಣ್ಣು ಯಾವ ಪಾಪ ಮಾಡಿದರೂ ಅದೊಂದನ್ನು ಮಾಡಲಾರಳು.

ಅವಳು ನನ್ನ ಕಣ್ಣು ನೋಡಿದಳು. ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು.

“ಇವರ ಮುಂದೆ ಬೇಡ ಅಕ್ಕಾ,” ಎಂದಳು, ತುಟಿ ಅಲ್ಲಾಡದಷ್ಟು ಮೆಲ್ಲಗೆ. “ಕೈ ಮುಗೀತೀನಿ.”

“ಎಲ್ಲಿದಾನೆ ಅವನು?”

ಅವಳ ನೋಟ ನನ್ನ ಹೆಗಲ ಮೇಲಿಂದ ದಾಟಿ, ಪೋಪ್ಲಾರ್ ಮರಗಳಾಚೆ ಮಂಜಿನಲ್ಲಿ ಉದ್ದಕ್ಕೆ ಮಲಗಿದ್ದ ಒಡ್ಡಿನ ಕಡೆ ಹೋಯಿತು. ಪ್ರವಾಹ ಇಳಿದ ಮೇಲೆ ಮಣ್ಣು ಮುಚ್ಚಿ, ಹುಲ್ಲು ಬೆಳೆಸಿ, ಊರವರು ಭಾನುವಾರ ಮಕ್ಕಳನ್ನು ಕರೆದುಕೊಂಡು ಅಡ್ಡಾಡುವ ಒಡ್ಡು.

“ಕೇಳಿಸ್ತೇನೆ ವಿದಾ?” ಸ್ಮಿಲ್ಯಾ ನನ್ನ ತೋಳು ಮುಟ್ಟಿದಳು.

“ಏನು ಚಿಕ್ಕಮ್ಮ?”

“ರಾಸ್ತ್ಕೊ ಅಂದ್ರಲ್ಲ. ನಮ್ಮೂರಲ್ಲಿ ಇನ್ನೊಬ್ಬ ರಾಸ್ತ್ಕೊ ಇದ್ನಾ? ನನಗೆ ಗೊತ್ತೇ ಇಲ್ಲ ನೋಡು.” ಅವಳು ಶಿಲುಬೆಯ ಗುರುತು ಮಾಡಿಕೊಂಡಳು. “ಎಷ್ಟು ವಯಸ್ಸಾಗಿತ್ತೋ. ಅವನಿಗೂ ಒಬ್ಬ ತಾಯಿ ಇರ್ತಾಳಲ್ವಾ.”

ಅವಳು ಚೀಲದಲ್ಲಿ ಕೈಯಾಡಿಸಿ ಇನ್ನೊಂದು ಬತ್ತಿ ತೆಗೆದಳು. “ಒಂದು ಹೆಚ್ಚಿಗೆ ತಂದಿದ್ದೆ. ಆ ಹೆಸರಿನವನಿಗೆ ಹಚ್ಚದೆ ಹೋದ್ರೆ ನನಗೆ ಒಳ್ಳೇದಲ್ಲ. ನೆವೆನಾ, ಬೆಂಕಿ ಕೊಡಮ್ಮ.”

ನೆವೆನಾ ಬತ್ತಿ ಮುಂದೆ ಹಿಡಿದಳು. ಎರಡು ಸಲ ಜ್ವಾಲೆ ತಾಗಲಿಲ್ಲ. ಮೂರನೇ ಸಲ ಸ್ಮಿಲ್ಯಾ ಅವಳ ಮಣಿಕಟ್ಟನ್ನು ತನ್ನ ಕೈಯಲ್ಲಿ ಹಿಡಿದು ನಿಲ್ಲಿಸಿ, ಬತ್ತಿ ಹಚ್ಚಿಕೊಂಡಳು.

“ಚಳಿ ಹಿಡಿದಿದೆ ನಿನಗೆ,” ಎಂದಳು.

ಮಂಡಿಗೆ ಕೈ ಊರಿ ಬಗ್ಗಿ, ಯಾರದೋ ಮಗ ರಾಸ್ತ್ಕೊನ ಬತ್ತಿಯನ್ನು ಕೆಳಗಿನ ಮರಳಿನಲ್ಲಿ ನೆಟ್ಟಳು. ಆಮೇಲೆ ನಿಧಾನಕ್ಕೆ ಎದ್ದು, ತನ್ನ ಮಗನದನ್ನು ಮೇಲಿನ ತಟ್ಟೆಯಲ್ಲಿ ಇಟ್ಟಳು.